ತಂದೆ ತೀರಿಕೊಂಡ ಹುಡುಗ ಸೋಮವಾರ ಟ್ರ್ಯಾಕಿಗೆ ಬರ್ತಿದ್ದಾನೆ: ಕೋಚ್ ಆದವರು ಏನು ಮಾಡಬೇಕು?

ಎಂಟುನೂರರ ಕೋಚ್ (ಪ್ರಶ್ನೆ, ಬುಧವಾರ)

ಎಲ್ಲರಿಗೂ ನಮಸ್ಕಾರ. ಓಟದ ತರಬೇತಿ ಕೊಡುವವರು, ಆಪ್ತಸಮಾಲೋಚಕರು, ಹಾಸ್ಟೆಲ್ ನೋಡಿಕೊಳ್ಳುವವರು ದಯವಿಟ್ಟು ಉತ್ತರಿಸಿ.

ಹುಡುಗನಿಗೆ 17 ವರ್ಷ. ಕ್ರೀಡಾ ಹಾಸ್ಟೆಲ್‌ನಲ್ಲಿದ್ದಾನೆ. 800 ಮೀಟರ್ ಓಟಗಾರ, ಈವರೆಗಿನ ಉತ್ತಮ ಸಮಯ 1 ನಿಮಿಷ 56 ಸೆಕೆಂಡ್. ಎಂಟು ದಿನದ ಹಿಂದೆ ಅವನ ತಂದೆ ಹೋಗಿಬಿಟ್ಟರು. 46 ವರ್ಷ, ಗಾರೆ ಕೆಲಸ ಮಾಡುತ್ತಿದ್ದರು. ಬೆಳಗ್ಗೆ ಎದೆ ಹಿಡಿದುಕೊಂಡು ಕೂತವರು ಆಸ್ಪತ್ರೆ ಮುಟ್ಟಲಿಲ್ಲ. ಮನೆಯಲ್ಲಿ ತಾಯಿ ಮತ್ತು ಎಂಟನೇ ಕ್ಲಾಸಿನ ತಂಗಿ. ಇವನೇ ದೊಡ್ಡ ಮಗ. ನಾಡಿದ್ದು ಶುಕ್ರವಾರ ಹನ್ನೊಂದನೇ ದಿನದ ತಿಥಿ. ಅದನ್ನು ಮುಗಿಸಿ "ಸೋಮವಾರ ಬರ್ತೀನಿ ಸರ್" ಎಂದು ಫೋನ್ ಮಾಡಿದ್ದಾನೆ.

ರಾಜ್ಯ ಜೂನಿಯರ್ ಕೂಟಕ್ಕೆ ಇನ್ನು ಆರು ವಾರ, ಎಂಟ್ರಿ ಕಳಿಸಲು 12 ದಿನ ಇದೆ. ಮಾಮೂಲಿ ವಾರದಲ್ಲಿ ಅವನಿಗೆ ಆರು ದಿನ, ಎಂಟು ಸೆಷನ್, ಸುಮಾರು 60 ಕಿಲೋಮೀಟರ್ ಓಟ. ಹಿರಿಯ ಕೋಚ್ ಒಬ್ಬರು "ಕೈತುಂಬ ಕೆಲಸ ಕೊಡು, ಮರೆಯುತ್ತಾನೆ" ಅನ್ನುತ್ತಾರೆ. ಇನ್ನೊಬ್ಬರದು "ಒಂದು ತಿಂಗಳು ಮುಟ್ಟಲೇಬೇಡ" ಅನ್ನುವ ಸಲಹೆ. ಮೊದಲ ದಿನ ಏನು ಮಾತಾಡಲಿ? ಎಷ್ಟು ಓಡಿಸಲಿ? ಉಳಿದ ಹುಡುಗರಿಗೆ ಏನು ಹೇಳಲಿ? ಎಂಟ್ರಿ ಕಳಿಸಲೋ ಬೇಡವೋ? ನನ್ನ ಕೈ ಮೀರಿದೆ ಅಂತ ಯಾವಾಗ ತಿಳಿಯಬೇಕು?

ಸಮಾಲೋಚಕಿ, ಮೈಸೂರು

ಸರ್, ಸೋಮವಾರದ ತನಕ ಕಾಯಬೇಡಿ. ಸಾಧ್ಯವಾದರೆ ಶುಕ್ರವಾರ ತಿಥಿಗೆ ಹೋಗಿಬನ್ನಿ. ಇಡೀ ತಂಡ ಕರೆದೊಯ್ಯುವುದು ಬೇಡ. ಅವನ ರೂಮಿನವನು ಒಬ್ಬ, ಜೊತೆಯಲ್ಲಿ ಓಡುವವನು ಒಬ್ಬ, ಅಷ್ಟು ಸಾಕು. ಅಲ್ಲಿ ಕೂಟದ ಮಾತು, ಎಂಟ್ರಿಯ ಮಾತು ಎತ್ತಬೇಡಿ. ತಾಯಿಗೆ ಮಾತ್ರ ಒಂದು ವಿಷಯ ಸ್ಪಷ್ಟವಾಗಿ ಹೇಳಿ ಬನ್ನಿ: "ಹಾಸ್ಟೆಲ್‌ನಲ್ಲಿ ಅವನ ಸೀಟು ಎಲ್ಲೂ ಹೋಗಲ್ಲಮ್ಮ. ಮನೆಗೆ ಬೇಕಾದಾಗ ಕಳಿಸ್ತೀನಿ." ಹತ್ತು ಹನ್ನೆರಡು ದಿನಕ್ಕೇ ಹುಡುಗ ಓಡಿಬರುವುದಕ್ಕೆ ಎಷ್ಟೋ ಸಲ ಓಟದ ಆಸೆಗಿಂತ ಸೀಟು ಕೈತಪ್ಪುವ ಭಯ ಕಾರಣವಾಗಿರುತ್ತದೆ. ಆ ಭಯ ತೆಗೆದ ಮೇಲೆ "ಸೋಮವಾರವೇ ಬರ್ಬೇಕು ಅನ್ನಿಸ್ತಿದ್ಯಾ, ಇನ್ನೂ ಒಂದು ವಾರ ಅಮ್ಮನ ಜೊತೆ ಇರ್ತೀಯಾ?" ಎಂದು ಕೇಳಿ. ಆಗ ಬರುವ ಉತ್ತರ ಅವನದ್ದು.

ಮೊದಲ ಮಾತು ಚಿಕ್ಕದಾಗಿರಲಿ. "ನಿಮ್ಮಪ್ಪನ ಸುದ್ದಿ ಕೇಳಿ ತುಂಬಾ ಸಂಕಟ ಆಯ್ತು ಕಣೋ. ಏನು ಹೇಳ್ಬೇಕೋ ನಂಗೂ ತೋಚ್ತಿಲ್ಲ. ನಾನಿದ್ದೀನಿ." ಇಷ್ಟು ಹೇಳಿ ಸುಮ್ಮನಿರಿ. ಆ ಮೌನ ನಿಮಗೆ ಕಷ್ಟವಾಗುತ್ತದೆ. ಅದನ್ನು ತುಂಬಿಸಲು ಹೋದಾಗಲೇ ಬೇಡದ ಮಾತುಗಳು ಹೊರಬರುವುದು: "ಗಂಡು ಹುಡುಗ, ಅಳಬಾರದು", "ಇನ್ಮೇಲೆ ಮನೆಗೆ ನೀನೇ ಯಜಮಾನ", "ದೇವರಿಗೆ ಒಳ್ಳೆಯವರೇ ಬೇಕು". ಯಜಮಾನನ ಮಾತನ್ನು ತಿಥಿಗೆ ಬಂದ ನೆಂಟರೆಲ್ಲ ಅವನ ತಲೆ ಮೇಲೆ ಹೊರಿಸಿಯೇ ಕಳಿಸಿರುತ್ತಾರೆ. ಅದನ್ನು ಹೇಳದ ಒಬ್ಬ ದೊಡ್ಡವನಾದರೂ ಅವನಿಗೆ ಸಿಗಲಿ. "ಏನಾದ್ರೂ ಬೇಕಿದ್ರೆ ಹೇಳು" ಅನ್ನುವುದೂ ಉಪಯೋಗವಿಲ್ಲ, ಯಾಕೆಂದರೆ ಏನು ಬೇಕು ಎಂದು ಯೋಚಿಸುವ ಶಕ್ತಿಯೇ ಅವನಲ್ಲಿ ಉಳಿದಿರುವುದಿಲ್ಲ. ಅದರ ಬದಲು "ಬುಧವಾರ, ಭಾನುವಾರ ಊಟ ಆದ್ಮೇಲೆ ನಾನೇ ಬಂದು ನೋಡ್ತೀನಿ" ಎಂದು ದಿನ ಹೇಳಿ. ಹೇಳಿದ ದಿನ ತಪ್ಪಿಸಬೇಡಿ. ಮೊದಲ ಎರಡು ವಾರದಲ್ಲಿ ಒಮ್ಮೆ ತಪ್ಪಿದರೂ ಹುಡುಗ ಅದನ್ನು ಮರೆಯುವುದಿಲ್ಲ.

ಮೈದಾನಕ್ಕೆ ಇಳಿಯುವ ಮುಂಚೆ ಹತ್ತು ನಿಮಿಷ ಗ್ಯಾಲರಿ ಮೆಟ್ಟಿಲ ಮೇಲೆ ಕೂತು ಮಾತಾಡಿ. ಬೇರೆಯವರಿಗೆ ಕಾಣಬೇಕು, ಆದರೆ ಮಾತು ಕೇಳಿಸಬಾರದು. ಅವನಿಗಿನ್ನೂ 18 ತುಂಬಿಲ್ಲ, ಬಾಗಿಲು ಮುಚ್ಚಿದ ಕೋಣೆ ಬೇಡ. ಮೂರು ವಿಷಯ ಕೇಳಿ. ತಂಡಕ್ಕೆ ಯಾರು ಹೇಳಬೇಕು, ಎಷ್ಟು ಹೇಳಬೇಕು? ಮಧ್ಯದಲ್ಲಿ ಅಳು ಬಂದರೆ ಏನು ಮಾಡೋಣ? ಇವತ್ತು ಗುಂಪಿನ ಜೊತೆ ಇರುತ್ತಾನೋ, ಒಬ್ಬನೇ ಇರುತ್ತಾನೋ? ಎರಡನೆಯದಕ್ಕೆ ಒಂದು ಸನ್ನೆ ಮಾಡಿಕೊಳ್ಳಿ. ಟೋಪಿ ತೆಗೆದು ಕೈಯಲ್ಲಿ ಹಿಡಿದರೆ ಯಾರನ್ನೂ ಕೇಳದೆ ಹೊರಗೆ ಹೋಗಬಹುದು, ಯಾರೂ ಹಿಂದೆ ಓಡುವುದಿಲ್ಲ, ಹತ್ತು ನಿಮಿಷ ಬಿಟ್ಟು ನೀವು ಹೋಗುತ್ತೀರಿ. ಸನ್ನೆ ಇದೆ ಎಂದು ಗೊತ್ತಿದ್ದರೆ ಬಹಳ ಹುಡುಗರು ಅದನ್ನು ಬಳಸುವುದೇ ಇಲ್ಲ.

ಹಿರಿಯ ಕೋಚ್‌ಗಳಿಬ್ಬರ ಮಾತೂ ಅರ್ಧರ್ಧ ಸರಿ. ನೆದರ್‌ಲೆಂಡ್ಸ್‌ನ ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಮುಂದಿಟ್ಟ ವಿವರಣೆ ನಮ್ಮ ಕೆಲಸಕ್ಕೆ ತುಂಬ ಒದಗುತ್ತದೆ. ದುಃಖದಲ್ಲಿರುವವರು ಒಮ್ಮೆ ಕಳೆದುಕೊಂಡದ್ದರ ಕಡೆಗೆ, ಒಮ್ಮೆ ಮುಂದಿನ ಬದುಕಿನ ಕಡೆಗೆ ತೂಗಾಡುತ್ತಿರುತ್ತಾರೆ, ಆ ತೂಗಾಟವೇ ಆರೋಗ್ಯ ಅನ್ನುತ್ತದೆ ಅದು. ಬೆಳಗ್ಗೆ ನಗುತ್ತಾ ಡ್ರಿಲ್ ಮಾಡಿದವನು ಸಂಜೆ ಮಾತಿಲ್ಲದೆ ಕೂರಬಹುದು. ನಕ್ಕಿದ್ದು ಮರೆತಿದ್ದಕ್ಕೆ ಗುರುತಲ್ಲ. ಮಂಕಾಗಿ ಕೂತಿದ್ದೂ ಹಿಂದೆ ಜಾರಿದ್ದಕ್ಕೆ ಗುರುತಲ್ಲ. ಕೈತುಂಬ ಕೆಲಸ ಕೊಟ್ಟರೆ ಒಂದು ಕಡೆ ಮುಚ್ಚಿಹೋಗುತ್ತದೆ, ಒಂದು ತಿಂಗಳು ದೂರ ಇಟ್ಟರೆ ಇನ್ನೊಂದು ಕಡೆ. ದುಃಖಕ್ಕೆ "ಐದು ಹಂತ" ಇದೆ ಎಂದು ಎಲ್ಲೋ ಓದಿ ಈಗ ಯಾವ ಹಂತ ಎಂದು ಲೆಕ್ಕ ಹಾಕಲು ಹೋಗಬೇಡಿ. 1969ರ ಆ ಮಾತು ಹುಟ್ಟಿದ್ದು ಸ್ವತಃ ಸಾವಿನ ಅಂಚಿನಲ್ಲಿದ್ದ ರೋಗಿಗಳ ಜೊತೆಗಿನ ಸಂಭಾಷಣೆಯಿಂದ.

ಮಧ್ಯಮದೂರ

ಓಟದ ಭಾಗ ನಾನು ಬರೆಯುತ್ತೇನೆ.

ಹನ್ನೆರಡು ದಿನ ಬಿಟ್ಟದ್ದರಿಂದ ಫಿಟ್‌ನೆಸ್ ಹೋಗಿರುವುದು ನೀವು ಹೆದರುವಷ್ಟಲ್ಲ. ಮೊದಲು ಇಳಿಯುವುದು ರಕ್ತದ ಪ್ಲಾಸ್ಮಾ, ಅಂದರೆ ದ್ರವಭಾಗದ ಪ್ರಮಾಣ. ಓಟ ಶುರುವಾದರೆ ಅದು ಬೇಗನೆ ತುಂಬಿಕೊಳ್ಳುತ್ತದೆ. ನಿಜವಾದ ತೊಂದರೆ ನಿದ್ದೆ ಮತ್ತು ಊಟದ್ದು. ಸೂತಕದ ದಿನಗಳಲ್ಲಿ ಕೆಲವು ಮನೆಗಳಲ್ಲಿ ಕರ್ಮ ಮಾಡುವ ಮಗನಿಗೆ ಒಪ್ಪತ್ತು ಊಟ, ನೆಲದ ಮೇಲೆ ನಿದ್ದೆ. ಉಳಿದ ಮನೆಗಳಲ್ಲೂ ಹಸಿವೇ ಇರುವುದಿಲ್ಲ. ಬಂದ ದಿನ ತೂಕ ನೋಡಿ, ಆದರೆ ತಂಡದ ಮುಂದೆ ಬೇಡ. ತಲೆ ಬೋಳಿಸಿಕೊಂಡು ಬಂದಿದ್ದರೆ ಬೆಳಗಿನ ಬಿಸಿಲಿಗೆ ಟೋಪಿ ಕೊಡಿ. ಹುಡುಗರಲ್ಲಿ ಯಾರೂ ಅದರ ಬಗ್ಗೆ ಬಾಯಿ ಬಿಡದ ಹಾಗೆ ಮೊದಲೇ ನೋಡಿಕೊಳ್ಳಿ.

ಗಾಯದ ಅಪಾಯವೂ ಇದೆ. ಮನಸ್ಸಿನ ಒತ್ತಡಕ್ಕೂ ಕ್ರೀಡಾ ಗಾಯಕ್ಕೂ ಇರುವ ನಂಟನ್ನು ಕ್ರೀಡಾ ಮನಶ್ಶಾಸ್ತ್ರಜ್ಞರಾದ ಆಂಡರ್‌ಸನ್ ಮತ್ತು ವಿಲಿಯಮ್ಸ್ 1988ರಲ್ಲೇ ವಿವರಿಸಿದ್ದರು. ಒತ್ತಡದಲ್ಲಿ ಸ್ನಾಯು ಬಿಗಿಯಾಗಿರುತ್ತದೆ, ಗಮನ ಕಿರಿದಾಗುತ್ತದೆ, ಪಕ್ಕದಲ್ಲಿ ಏನಿದೆ ಅನ್ನುವುದು ಕಾಣುವುದಿಲ್ಲ. ನಮ್ಮ ಓಟದಲ್ಲಿ ಅದು ತೊಡೆಯ ಹಿಂಭಾಗ, ಮೀನಖಂಡ ಹಿಡಿದುಕೊಳ್ಳುವ ರೂಪದಲ್ಲೋ, ಮೊದಲ ತಿರುವು ಮುಗಿದು ಒಳಲೇನಿಗೆ ಸರಿಯುವಾಗ ಎಡವುವ ರೂಪದಲ್ಲೋ ಬರುತ್ತದೆ. ಹರ್ಡಲ್ಸ್, ಎಸೆತ, ಕುಸ್ತಿ ಆದರೆ ಇನ್ನೂ ಎಚ್ಚರ ಬೇಕು.

ಮೊದಲ ವಾರ 5 ದಿನ, ಒಟ್ಟು 25ರಿಂದ 30 ಕಿ.ಮೀ. ಎಲ್ಲವೂ ಮಾತಾಡುತ್ತಾ ಓಡುವ ವೇಗದಲ್ಲಿ, ವಾಚ್ ಇಲ್ಲದೆ. ಎರಡು ದಿನ ಮಾತ್ರ ಕೊನೆಗೆ 80 ಮೀಟರ್‌ನ 4 ಸ್ಟ್ರೈಡ್ (ಕ್ರಮೇಣ ವೇಗ ಏರಿಸುವ ಚಿಕ್ಕ ಓಟ), ಮಾಮೂಲಿ ಶೂಗಳಲ್ಲಿ. ಸ್ಪೈಕ್ಸ್ ಚೀಲದಲ್ಲೇ ಇರಲಿ. ಜಿಮ್‌ನಲ್ಲಿ ಹಿಂದೆ ಎತ್ತುತ್ತಿದ್ದ ಭಾರದ ಶೇ. 60, ಎರಡೇ ಸೆಟ್. ಎರಡನೇ ವಾರ 40 ಕಿ.ಮೀ.; ಒಂದು ದಿನ 10 ನಿಮಿಷದ ಎರಡು ಟೆಂಪೊ (ತುಸು ಕಷ್ಟವೆನಿಸುವ ಒಂದೇ ಸಮ ವೇಗದ ಓಟ), ಒಂದು ದಿನ 200 ಮೀಟರ್ 6 ಸಲ, 32ರಿಂದ 33 ಸೆಕೆಂಡ್, ನಡುವೆ 200 ಜಾಗ್. ಅವನ ಸ್ಪರ್ಧೆಯ ವೇಗ 200ಕ್ಕೆ 29, ಹಾಗಾಗಿ ಇದು ಹಗುರ. ಮೂರನೇ ವಾರ 50 ಕಿ.ಮೀ., ಆಗ ಸ್ಪರ್ಧೆಯ ವೇಗಕ್ಕೆ ಹತ್ತಿರ ಹೋಗಬಹುದು: 300 ಮೀಟರ್ 3 ಸಲ, ಎರಡು ಸೆಟ್, 44–45 ಸೆಕೆಂಡ್, ನಡುವೆ 3 ನಿಮಿಷ, ಸೆಟ್‌ಗಳ ನಡುವೆ 8 ನಿಮಿಷ. ಆಮೇಲೆ ನಿಮ್ಮ ಮಾಮೂಲಿ ಕ್ರಮ.

ಇದು ಕಾಗದದ ಮೇಲಿನ ಲೆಕ್ಕ. ಆ ದಿನ ಎಷ್ಟು ಅನ್ನುವುದನ್ನು ನಿರ್ಧರಿಸಬೇಕಾದ್ದು ಬೆಳಗಿನ ನಾಲ್ಕು ವಿಷಯ: ಎಷ್ಟು ಗಂಟೆ ನಿದ್ದೆ, ರಾತ್ರಿ ಊಟ ಪೂರ್ತಿಯೋ ಅರ್ಧವೋ, ಹಾಸಿಗೆಯಲ್ಲೇ ಎಣಿಸಿದ ಒಂದು ನಿಮಿಷದ ನಾಡಿ, ಮನಸ್ಸು 1ರಿಂದ 5ರಲ್ಲಿ ಎಷ್ಟು. ನಿದ್ದೆ 5 ಗಂಟೆಗಿಂತ ಕಡಿಮೆ ಇದ್ದರೆ ಅವತ್ತು ವೇಗ ಇಲ್ಲ, ಭಾರ ಇಲ್ಲ. ನಾಡಿ ಎರಡು ದಿನ ಸತತ ಮಾಮೂಲಿಗಿಂತ 7–8 ಹೆಚ್ಚಿದ್ದರೆ ಹಗುರ ಓಟ ಮಾತ್ರ. ಸೆಷನ್ ಮುಗಿದು ಅರ್ಧ ಗಂಟೆ ಬಿಟ್ಟು "10ಕ್ಕೆ ಎಷ್ಟು ಕಷ್ಟ ಆಯ್ತು?" ಎಂದು ಕೇಳಿ, ನಿಮಿಷಗಳಿಂದ ಗುಣಿಸಿ. 40 ನಿಮಿಷ, ಕಷ್ಟ 3 ಅಂದರೆ 120. ಅದೇ ಓಟಕ್ಕೆ ಮೊದಲು 3 ಅನ್ನುತ್ತಿದ್ದವನು ಈಗ 6 ಅಂದರೆ ದೇಹಕ್ಕೆ ಬಿದ್ದ ಹೊರೆ ಎರಡರಷ್ಟು. ಕಿಲೋಮೀಟರ್ ಲೆಕ್ಕ ಅದನ್ನು ತೋರಿಸುವುದಿಲ್ಲ. ನಾಲ್ಕೂ ವಿಷಯವನ್ನು ತಂಡದ ಎಲ್ಲರಿಂದಲೂ ಬರೆಸಿ, ಅವನೊಬ್ಬನಿಂದ ಬೇಡ.

ಇನ್ನು ಎಲ್ಲರೂ ಎಡವುವ ಜಾಗ. ಹುಡುಗ ಕಡಿಮೆ ಓಡುತ್ತಾನೆ ಎಂದು ಎಲ್ಲರೂ ಭಾವಿಸಿರುತ್ತಾರೆ, ಆದರೆ ಎಷ್ಟೋ ಸಲ ಅವನು ವಿಪರೀತ ಓಡುತ್ತಾನೆ. ಮೈ ಸೋತರೆ ನಿದ್ದೆ ಬರಬಹುದು ಅನ್ನುವ ಆಸೆ ಅದು. ಮೊದಲ ವಾರವೇ ಒಳ್ಳೆಯ ಸಮಯ ಬರುತ್ತದೆ, ಕೋಚ್ "ಶಭಾಷ್" ಅನ್ನುತ್ತಾರೆ, ಆ ಶಭಾಷ್‌ಗಾಗಿ ಹುಡುಗ ರಾತ್ರಿ ಇನ್ನೂ 5 ಕಿ.ಮೀ. ಕದ್ದು ಓಡುತ್ತಾನೆ, ಮೂರನೇ ವಾರ ಕಾಲು ಹಿಡಿಯುತ್ತದೆ. ಮೊದಲ ವಾರ ಸಮಯವನ್ನು ಹೊಗಳಬೇಡಿ. "ಇವತ್ತು ಹೇಳಿದಷ್ಟಕ್ಕೇ ನಿಲ್ಲಿಸಿದೆ, ಅದು ಸರಿ" ಎಂದು ಹೇಳಿ.

ಎಂಟ್ರಿ: ಅವನನ್ನು ಕೇಳಿ, ಒಪ್ಪಿದರೆ ಕಳಿಸಿ. ಕಳಿಸಿದ ಎಂಟ್ರಿಯನ್ನು ಬಿಡಬಹುದು, ಕಳಿಸದ ಎಂಟ್ರಿ ಸಿಗುವುದಿಲ್ಲ. ಕೂಟಕ್ಕೆ 10 ದಿನ ಇರುವಾಗ 600 ಮೀಟರ್ ಟ್ರಯಲ್ ಇಟ್ಟು ಮೊದಲ 400 ಅನ್ನು 57–58ಕ್ಕೆ ಓಡಲು ಹೇಳಿ. ಭಾವುಕನಾಗಿರುವ ಓಟಗಾರ ಮೊದಲ ಸುತ್ತನ್ನು 54ಕ್ಕೆ ಓಡಿ ಕೊನೆಯ ನೇರದಲ್ಲಿ ನಿಂತೇಬಿಡುತ್ತಾನೆ. ಟ್ರಯಲ್‌ನಲ್ಲಿ ಅದು ಕಂಡರೆ ಆಗ ಮತ್ತೊಮ್ಮೆ ಕೂತು ಮಾತಾಡಿ.

ಕ್ರೀಡಾ ವೈದ್ಯ

ಮೇಲಿನ ಓಟದ ಯೋಜನೆ ಚೆನ್ನಾಗಿದೆ. ಆದರೆ ಅದಕ್ಕೂ ಮುಂಚೆ ಒಂದು ಕೆಲಸ ಆಗಬೇಕು, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತಂದೆಗೆ 46 ವರ್ಷ, ಹಠಾತ್ ಸಾವು, ಎದೆನೋವು. ಹತ್ತಿರದ ರಕ್ತಸಂಬಂಧಿ 50 ವರ್ಷದೊಳಗೆ ಹೃದಯದ ಕಾರಣಕ್ಕೆ ಹಠಾತ್ತನೆ ತೀರಿಕೊಂಡಿದ್ದರೆ, ಕ್ರೀಡಾಪಟುಗಳ ಹೃದಯ ತಪಾಸಣೆಯಲ್ಲಿ ಅದು ಅಪಾಯದ ಸೂಚನೆ. ಆ ವಯಸ್ಸಿನಲ್ಲಿ ಸಾಮಾನ್ಯವಾಗಿ ಕಾರಣ ರಕ್ತನಾಳದ ಅಡಚಣೆಯೇ ಆಗಿರುತ್ತದೆ. ಆದರೂ ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ, ವಿದ್ಯುತ್ ಲಯದ ದೋಷ, ಚಿಕ್ಕ ವಯಸ್ಸಿನಲ್ಲೇ ಕೊಲೆಸ್ಟ್ರಾಲ್ ಏರುವ ದೋಷ ಇವೆಲ್ಲ ವಂಶದಲ್ಲಿ ಬರುವಂಥವು.

ಸೋಮವಾರದಿಂದ ತಪಾಸಣೆ ಮುಗಿಯುವ ತನಕ ನಡಿಗೆ, ಕೀಲುಗಳ ವ್ಯಾಯಾಮ, ನಿಂತಲ್ಲಿ ಮಾಡುವ ಹಗುರ ಡ್ರಿಲ್ ಮಾತ್ರ. 12 ಲೀಡ್ ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ರಕ್ತದಲ್ಲಿ ಲಿಪಿಡ್ (ಕೊಬ್ಬಿನಂಶ) ಪರೀಕ್ಷೆ ಮಾಡಿಸಿ ಹೃದ್ರೋಗ ತಜ್ಞರಿಗೆ ತೋರಿಸಿ. ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆ ಇದೆ. ಉಳಿದ ಕಡೆ ಜಿಲ್ಲಾಸ್ಪತ್ರೆಯಿಂದ ಶುರು ಮಾಡಬಹುದು. ತಜ್ಞರಿಗೆ "ಕ್ರೀಡಾಪಟು, ವಾರಕ್ಕೆ ಎಂಟು ಸೆಷನ್" ಎಂದು ತಪ್ಪದೆ ಹೇಳಿ, ಯಾಕೆಂದರೆ ಹೆಚ್ಚು ಓಡುವವರ ಇಸಿಜಿಯಲ್ಲಿ ನಿಧಾನ ನಾಡಿಯಂಥ ಸಹಜ ಬದಲಾವಣೆಗಳಿರುತ್ತವೆ. ಅದು ಗೊತ್ತಿಲ್ಲದೆ ನೋಡಿದರೆ ಸುಮ್ಮನೆ ಗಾಬರಿಯಾಗುತ್ತದೆ. ತಂಗಿಯನ್ನೂ ತೋರಿಸಲು ತಾಯಿಗೆ ಹೇಳಿ. ಹಿಂದೆ ಎಂದಾದರೂ ಓಡುವಾಗ ಎಚ್ಚರ ತಪ್ಪಿದ್ದು, ಎದೆ ಹಿಡಿದಂತಾದದ್ದು, ಎದೆ ವಿಚಿತ್ರವಾಗಿ ಹೊಡೆದುಕೊಂಡದ್ದು ಇದೆಯೇ ಎಂದು ಕೇಳಿ. ಇದ್ದರೆ ಅವತ್ತೇ ಕರೆದೊಯ್ಯಿರಿ.

ಇದನ್ನು ಹುಡುಗನಿಗೆ ಹೇಳುವ ರೀತಿಯೂ ಮುಖ್ಯ. "ನಿಮ್ಮಪ್ಪನಿಗೆ ಹೀಗಾಯ್ತಲ್ಲ, ಇಂಥ ಮನೆಯ ಎಲ್ಲ ಓಟಗಾರರಿಗೂ ಈ ಪರೀಕ್ಷೆ ಮಾಡಿಸೋದು ಪದ್ಧತಿ. ನಿನ್ನಲ್ಲಿ ಏನೋ ಕಂಡಿದೆ ಅಂತ ಅಲ್ಲ." ಒಂದು ಸೂಕ್ಷ್ಮ ಇದೆ ನೋಡಿ: ಅಪ್ಪ ಎದೆ ಹಿಡಿದುಕೊಂಡು ಹೋದ ಸುದ್ದಿ ಕೇಳಿದ ಹುಡುಗನಿಗೆ 600 ಮೀಟರ್ ದಾಟಿದಾಗ ತನ್ನ ಎದೆ ಹೊಡೆದುಕೊಳ್ಳುವುದೇ ಭಯವಾಗಬಹುದು. ಅದನ್ನು ಅವನು ಬಾಯಿಬಿಟ್ಟು ಹೇಳುವುದಿಲ್ಲ, ಕೊನೆಯ 200ರಲ್ಲಿ ಸುಮ್ಮನೆ ನಿಧಾನವಾಗುತ್ತಾನೆ. ಕೋಚ್‌ಗೆ ಅದು ಮನಸ್ಸಿಲ್ಲದ ಓಟದ ಹಾಗೆ ಕಾಣುತ್ತದೆ. ಪರೀಕ್ಷೆಯ ಫಲಿತಾಂಶವನ್ನು ತಜ್ಞರೇ ಅವನಿಗೆ ನೇರವಾಗಿ ಹೇಳಿದರೆ ಆ ಭಯಕ್ಕೂ ಮದ್ದು.

ನಿದ್ದೆ ಮಾತ್ರೆಯ ಬಗ್ಗೆ. ಊರಲ್ಲಿ ಯಾರಾದರೂ ತಮ್ಮದೇ ಚೀಟಿಯ ಆಲ್ಪ್ರಜೋಲಮ್ ಕೊಟ್ಟಿರುತ್ತಾರೆ. ಕ್ರೀಡಾಪಟುಗಳ ನಿಷೇಧಿತ ಮದ್ದುಗಳ ಪಟ್ಟಿಯಲ್ಲಿ ಅದು ಇಲ್ಲ, ಆದರೂ ಮರುದಿನ ಮೈ ಜಡ, ಪ್ರತಿಕ್ರಿಯೆ ನಿಧಾನ, ಅಭ್ಯಾಸವಾಗುವ ಅಪಾಯ. ವೈದ್ಯರ ಚೀಟಿ ಇಲ್ಲದೆ ಬೇಡ. ಎದೆ ಢವಢವ ಅನ್ನುವುದಕ್ಕೆ ಕೊಡುವ ಪ್ರೊಪ್ರನಲಾಲ್ ಓಟಗಾರನಿಗೆ ನಿಷಿದ್ಧವಲ್ಲ, ಬಿಲ್ಲುಗಾರಿಕೆ ಮತ್ತು ಶೂಟಿಂಗ್‌ನವರಿಗೆ ಸ್ಪರ್ಧೆ ಇಲ್ಲದಾಗಲೂ ನಿಷಿದ್ಧ. ಲೇಬಲ್ ಇಲ್ಲದ ನರಗಳ ಟಾನಿಕ್, ಪುಡಿಗಳನ್ನು ಮುಟ್ಟಿಸಬೇಡಿ, ಒಳಗೇನಿದೆಯೋ ಮಾರಿದವರಿಗೂ ಗೊತ್ತಿರುವುದಿಲ್ಲ.

ಮಧ್ಯಮದೂರ

ಡಾಕ್ಟರ್ ಮಾತು ಸರಿ, ನಾನು ಅದನ್ನು ಗಮನಿಸಬೇಕಿತ್ತು. ನಾನು ಬರೆದ ಮೊದಲ ವಾರ ತಪಾಸಣೆ ಮುಗಿದ ದಿನದಿಂದ ಎಣಿಕೆಯಾಗಲಿ. ಅಲ್ಲಿಯವರೆಗೆ ಅವನು ಮೈದಾನಕ್ಕೆ ಬರಲಿ. ವಾರ್ಮ್‌ಅಪ್ ನಡಿಗೆ ಗುಂಪಿನ ಜೊತೆ ಮಾಡಲಿ, ಆಮೇಲೆ ಇಷ್ಟವಿದ್ದರೆ 200ರ ಗೆರೆಯಲ್ಲಿ ನಿಂತು ಸಮಯ ಹೇಳಲಿ. ಆರು ವಾರದಲ್ಲಿ ಒಂದು ವಾರ ಹೋದರೂ ಉಳಿದದ್ದು ಸಾಕು. ಸಾಕಾಗದಿದ್ದರೆ ಮುಂದಿನ ಕೂಟ ಇದೆ.

ವಾರ್ಡನ್, ಧಾರವಾಡ

ಸರ್, ಎಲ್ಲಾರೂ ಮನಸು, ಮೈ ಅಂತ ಹೇಳ್ಯಾರ. ನಾ ಮನಿ ಬಗ್ಗೆ ಹೇಳ್ತೀನ್ರಿ. ದುಡಿಯೋ ಅಪ್ಪ ಹೋದ ಹುಡುಗ ಆಟ ಬಿಡೋದು ದುಃಖಕ್ಕ ಅಲ್ರಿ, ರೊಕ್ಕಕ್ಕ. ಎರಡು ತಿಂಗಳ ಮ್ಯಾಲೆ ಸೋದರಮಾವ ಯಾರೋ ಬಂದು "ಓಡಿ ಏನ್ ಮಾಡ್ತೀ, ಕೆಲಸಕ್ಕ ಬಾ" ಅಂತಾನ, ಹುಡುಗ ಚೀಲ ಕಟ್ತಾನ. ಅದು ಬರೋಕಿಂತ ಮೊದಲ ನೀವು ಕಾಗದಪತ್ರ ನೋಡಿದ್ರ ಅರ್ಧ ಕೆಲಸ ಆದಂಗ.

ಸಾವಿನ ನೋಂದಣಿ 21 ದಿನದೊಳಗ ಆಗಬೇಕ್ರಿ. ಆಸ್ಪತ್ರೆಗೆ ಮುಟ್ಟೋಕಿಂತ ಮೊದಲ ಜೀವ ಹೋಗಿದ್ರ ಮನಿಯವರ ಹೋಗಿ ಮಾಡಿಸಬೇಕಾಗ್ತದ, ಎಷ್ಟೋ ಮಂದಿ ಅದನ್ನ ಮರೀತಾರ. ಮರಣ ಪ್ರಮಾಣಪತ್ರ ಹತ್ತು ಪ್ರತಿ ತಗೊಳ್ಳಾಕ ಹೇಳ್ರಿ. ಮನಿ ಬಿಪಿಎಲ್ ಇದ್ರ, ದುಡಿಯೋರು 18ರಿಂದ 59 ವಯಸ್ಸಿನೊಳಗ ಹೋಗಿದ್ರ, ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆಯೊಳಗ ಒಂದು ಸಲ 20,000 ರೂಪಾಯಿ ಬರ್ತದ. ನಾಡಕಚೇರಿಯೊಳಗ ಅರ್ಜಿ. ತಾಯಿಗೆ ವಿಧವಾ ವೇತನದ ಅರ್ಜಿನೂ ಅಲ್ಲೇ. ಆಮ್ಯಾಲೆ ಅಪ್ಪನ ಬ್ಯಾಂಕ್ ಪಾಸ್‌ಬುಕ್ ತಗದು ನೋಡ್ರಿ: ವರ್ಷಕ್ಕೊಮ್ಮೆ 436 ರೂಪಾಯಿ ಕಡಿತ ಆಗಿದ್ರ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ, 2 ಲಕ್ಷ ಬರ್ತದ. ಮನಿಯವರಿಗೆ ಗೊತ್ತ ಇರೂದಿಲ್ಲ, ಯಾರೂ ಕೇಳೂದಿಲ್ಲ, ರೊಕ್ಕ ಹಂಗ ಉಳೀತದ. ಗಾರೆ ಕೆಲಸ ಅಂದ್ರಿ, ಕಟ್ಟಡ ಕಾರ್ಮಿಕರ ಕಾರ್ಡ್ ಇತ್ತೇನು ಕೇಳ್ರಿ. ಇದ್ರ ಕಲ್ಯಾಣ ಮಂಡಳಿಯಿಂದ ಅಂತ್ಯಕ್ರಿಯೆ ವೆಚ್ಚ ಮತ್ತ ಸಹಾಯಧನಕ್ಕ ಅರ್ಜಿ ಹಾಕಬಹುದು.

ಈ ಓಡಾಟಾನ ಹುಡುಗನ ತಲಿಗೆ ಕಟ್ಟಬ್ಯಾಡ್ರಿ. ಊರಾಗ ಒಬ್ಬ ದೊಡ್ಡವರನ್ನ ಹಿಡೀರಿ, ಚಿಕ್ಕಪ್ಪ ಆಗ್ಲಿ, ಶಾಲೆ ಮಾಸ್ತರ ಆಗ್ಲಿ. ಪಟ್ಟಿ ಬರದು ಅವರ ಕೈಯಾಗ ಕೊಡ್ರಿ. ಅವನ ರಜೆ ಮಂಜೂರಾತಿ ಲಿಖಿತದಾಗ ತಗೊಂಡು ಫೈಲಿಗೆ ಹಾಕ್ರಿ, ವರ್ಷದ ಕೊನಿಗೆ ಹಾಜರಾತಿ ನೋಡೋರು ಬ್ಯಾರೆಯವರು ಇರ್ತಾರ.

ಹಾಸ್ಟೆಲ್‌ನಾಗ ರಾತ್ರಿ ಹತ್ತರ ಮ್ಯಾಲಿನ ಹೊತ್ತು ಭಾಳ ಕಠಿಣ. ಫೋನ್ ಜಮಾ ಮಾಡೋ ನಿಯಮ ಇದ್ರ ಅವನಿಗೆ ಮೂರು ತಿಂಗಳು ಸಡಿಲ ಮಾಡ್ರಿ, ಅಮ್ಮ ಯಾವಾಗ ಬೇಕಾದ್ರೂ ಫೋನ್ ಮಾಡಬಹುದು ಅಂತ ಆಕಿಗೂ ತಿಳಿಸ್ರಿ. ಫೋನಿನಾಗ ಸುದ್ದಿ ಕೇಳಿದ ಹುಡುಗ್ರಿಗೆ ರಿಂಗ್ ಆದ್ರ ಎದಿ ಝಲ್ ಅಂತದ. ದಿನಾ ಒಂದ ಹೊತ್ತಿಗೆ ಮಾತಾಡೋ ಪದ್ಧತಿ ಮಾಡಿಸಿದ್ರ ಅದು ಕಡಿಮಿ ಆಗ್ತದ.

ಎಂಟುನೂರರ ಕೋಚ್

ಎಲ್ಲರಿಗೂ ತುಂಬಾ ಧನ್ಯವಾದ. ಹೃದಯ ತಪಾಸಣೆ ಮತ್ತು ಪಾಸ್‌ಬುಕ್ ನನ್ನ ತಲೆಗೇ ಹೊಳೆದಿರಲಿಲ್ಲ. ಇನ್ನೊಂದು ಪ್ರಶ್ನೆ. ತಂಡದ ಹುಡುಗರು "ಅಪ್ಪನಿಗೋಸ್ಕರ ಮೆಡಲ್ ಹೊಡಿ" ಎಂದು ಅವನಿಗೆ ಸಂದೇಶ ಕಳಿಸುತ್ತಿದ್ದಾರೆ. ಕೊಹ್ಲಿ, ಸಚಿನ್ ಉದಾಹರಣೆ ಕೊಡುತ್ತಿದ್ದಾರೆ. ಅದನ್ನು ಬೆಳೆಯಲು ಬಿಡಲೇ, ತಡೆಯಲೇ?

ಸ್ಕೋರ್‌ಬುಕ್

ಆ ಉದಾಹರಣೆಗಳನ್ನು ಪೂರ್ತಿ ಹೇಳಿದರೆ ಅರ್ಥವೇ ಬದಲಾಗುತ್ತದೆ. 2006ರ ಡಿಸೆಂಬರ್‌ನಲ್ಲಿ ದೆಹಲಿಯ ಕೋಟ್ಲಾ ಮೈದಾನ, ರಣಜಿ ಪಂದ್ಯ, ಎದುರಾಳಿ ನಮ್ಮ ಕರ್ನಾಟಕವೇ. ಹಿಂದಿನ ಸಂಜೆ 40 ಹೊಡೆದು ಔಟಾಗದೆ ಉಳಿದಿದ್ದ ಕೊಹ್ಲಿಯ ತಂದೆ ರಾತ್ರಿ ತೀರಿಕೊಂಡರು. ಬೆಳಗ್ಗೆ ಬಂದವನಿಗೆ ತಂಡದವರು ಮನೆಗೆ ಹೋಗು ಎಂದೇ ಹೇಳಿದ್ದರು. ಆಡುತ್ತೇನೆ ಅಂದದ್ದು ಅವನು. 90 ಹೊಡೆದು ಅಂತ್ಯಕ್ರಿಯೆಗೆ ಹೋದ. 1999ರ ವಿಶ್ವಕಪ್ ನಡುವೆ ತಂದೆ ತೀರಿಕೊಂಡಾಗ ಸಚಿನ್ ಮೊದಲು ಮುಂಬೈಗೆ ಹೋದರು, ಜಿಂಬಾಬ್ವೆ ಪಂದ್ಯಕ್ಕೆ ಇರಲೇ ಇಲ್ಲ. ತಾಯಿಯೇ ಹೋಗು ಎಂದ ಮೇಲೆ ಹಿಂದಿರುಗಿ ಬ್ರಿಸ್ಟಲ್‌ನಲ್ಲಿ ಕೀನ್ಯಾ ವಿರುದ್ಧ ಅಜೇಯ 140 ಮಾಡಿದರು. 2020ರ ನವೆಂಬರ್‌ನಲ್ಲಿ ವೇಗದ ಬೌಲರ್ ಸಿರಾಜ್ ಆಸ್ಟ್ರೇಲಿಯಾದಲ್ಲಿದ್ದಾಗ ತಂದೆ ಹೋದರು. ವಾಪಸ್ ಹೋಗುವ ಅವಕಾಶವನ್ನು ಕ್ರಿಕೆಟ್ ಮಂಡಳಿ ಕೊಟ್ಟಿತ್ತು, ಉಳಿಯುತ್ತೇನೆ ಅಂದದ್ದು ಅವರು. ಎರಡು ತಿಂಗಳ ನಂತರ ಬ್ರಿಸ್ಬೇನ್‌ನ ಗಾಬಾ ಮೈದಾನದಲ್ಲಿ 73 ರನ್ನಿಗೆ 5 ವಿಕೆಟ್.

ಮೂರರಲ್ಲೂ ತಂಡದವರು ಆಡಲೇಬೇಕು ಅನ್ನಲಿಲ್ಲ, ಮನೆಗೆ ಹೋಗುವ ಬಾಗಿಲು ತೆರೆದಿಟ್ಟರು. ಕೋಚ್ ಕಲಿಯಬೇಕಾದ ಭಾಗ ಅದು. ನೆನಪಿರಲಿ, ಆಡಿ ಸೊನ್ನೆಗೆ ಔಟಾದವರ ಕಥೆಯನ್ನು ಯಾರೂ ಹೇಳುವುದಿಲ್ಲ. ಮನೆಗೆ ಹೋದವರದನ್ನೂ ಹೇಳುವುದಿಲ್ಲ.

ಸಮಾಲೋಚಕಿ, ಮೈಸೂರು

ತಡೆಯಿರಿ, ಆದರೆ ಹುಡುಗರನ್ನು ಗದರಬೇಡಿ, ಅವರು ಪ್ರೀತಿಯಿಂದಲೇ ಹೇಳುತ್ತಿದ್ದಾರೆ. "ಅಪ್ಪನಿಗೋಸ್ಕರ" ಎಂದು ಅವನೇ ಅಂದುಕೊಂಡರೆ ಅದು ಅವನ ಶಕ್ತಿ. ಬೇರೆಯವರು ಹೇಳಿದರೆ ಐದನೇ ಸ್ಥಾನ ಬಂದ ದಿನ ಅವನು ಅಪ್ಪನಿಗೂ ಸೋತ ಹಾಗೆ. ಸೋಮವಾರ ಅವನು ಮೈದಾನಕ್ಕೆ ಇಳಿಯುವ ಮುಂಚೆ ತಂಡವನ್ನು ಕೂರಿಸಿ ಅವನು ಒಪ್ಪಿದಷ್ಟು ವಿಷಯ ಹೇಳಿ, ಮಾಡಬಹುದಾದ ಕೆಲಸ ಕೊಡಿ: ಒಬ್ಬ ತಪ್ಪಿದ ತರಗತಿಗಳ ನೋಟ್ಸ್ ಬರೆದಿಡಲಿ, ಒಬ್ಬ ಊಟಕ್ಕೆ ಕರೆಯಲಿ, ಉಳಿದವರು ಮೊದಲಿನಂತೆಯೇ ರೇಗಿಸಲಿ, ಆಟವಾಡಲಿ. ಅವನು ಬಂದಾಗ ಎಲ್ಲರೂ ಮಾತು ನಿಲ್ಲಿಸುವುದು ಅವನಿಗೆ ಅತ್ಯಂತ ನೋವು ಕೊಡುತ್ತದೆ. ತಂಡದಲ್ಲಿ ತಂದೆಯನ್ನೋ ತಾಯಿಯನ್ನೋ ಮುಂಚೆಯೇ ಕಳೆದುಕೊಂಡ ಮಕ್ಕಳಿದ್ದರೆ ಅವರ ಮೇಲೂ ಒಂದು ಕಣ್ಣಿರಲಿ, ಹಳೆಯದು ಮತ್ತೆ ಏಳುತ್ತದೆ.

ಕೈ ಮೀರಿದ್ದು ಯಾವಾಗ ಎಂದು ಕೇಳಿದ್ದಿರಿ. ಅಳು, ಸಿಟ್ಟು, ಮರೆವು, ಓದಿನಲ್ಲಿ ಹಿಂದೆ ಬೀಳುವುದು ಮೊದಲ ತಿಂಗಳುಗಳಲ್ಲಿ ಸಹಜ. ಎರಡು ವಾರಕ್ಕೂ ಮಿಕ್ಕಿ ಊಟ ನಿದ್ದೆ ಪೂರ್ತಿ ಕೆಟ್ಟಿದ್ದರೆ, ಕುಡಿತಕ್ಕೆ ಕೈ ಹಾಕಿದರೆ, "ನಾನು ಅವತ್ತು ಮನೇಲಿದ್ದಿದ್ರೆ ಉಳಿಸ್ತಿದ್ದೆ" ಎಂಬ ಒಂದೇ ಮಾತಿನಲ್ಲಿ ಸಿಕ್ಕಿಕೊಂಡಿದ್ದರೆ, ವಸ್ತುಗಳನ್ನು ಹಂಚತೊಡಗಿದರೆ ಕಾಯಬೇಡಿ. "ಬದುಕಿರೋದೇ ಬೇಡ ಅಂತ ಅನ್ನಿಸ್ತಿದ್ಯಾ?" ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಹೌದು ಅಂದರೆ ಒಬ್ಬನೇ ಬಿಡಬೇಡಿ, ತಾಯಿಗೆ ತಿಳಿಸಿ, ಅಂದೇ ವೈದ್ಯರ ಹತ್ತಿರ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ, ಹೇಗೆ ನಿಭಾಯಿಸಲಿ ಎಂದು ಕೋಚ್ ಕೂಡ ಕರೆ ಮಾಡಬಹುದು. ಆರು ತಿಂಗಳಾದರೂ ದಿನವಿಡೀ ಅದೇ ತೀವ್ರತೆ, ಬದುಕು ನಿಂತೇಹೋದ ಹಾಗಿದ್ದರೆ ಅದು ಚಿಕಿತ್ಸೆ ಬೇಕಾದ ದೀರ್ಘಕಾಲದ ದುಃಖ ಇರಬಹುದು. ಮಕ್ಕಳಿಗೆ ಈ ಗಡಿ ಆರು ತಿಂಗಳು ಎಂದು ಅಮೆರಿಕದ ಮನೋವೈದ್ಯರ 2022ರ ಕೈಪಿಡಿಯೂ ಹೇಳುತ್ತದೆ.

ನಿಮ್ಮ ಡೈರಿಯಲ್ಲಿ ಕೆಲವು ದಿನ ಗುರುತು ಹಾಕಿಕೊಳ್ಳಿ: ತಿಂಗಳ ಮಾಸಿಕಗಳು, ತಂದೆಯ ಹುಟ್ಟಿದ ದಿನ, ಮಹಾಲಯ ಅಮಾವಾಸ್ಯೆ, ಮೊದಲ ದೀಪಾವಳಿ, ವರ್ಷಾಂತಿಕ. ಆ ವಾರಗಳಲ್ಲಿ ಟ್ರಯಲ್ ಇಡಬೇಡಿ. ಎಲ್ಲರೂ ವಿಚಾರಿಸುವುದು ಮೊದಲ ತಿಂಗಳು. ಮೂರನೇ ತಿಂಗಳಿಗೆ ಅವನೊಬ್ಬನೇ ಉಳಿದಿರುತ್ತಾನೆ, ನಿಮ್ಮ ಬುಧವಾರ–ಭಾನುವಾರದ ಭೇಟಿ ಆಗಲೂ ನಡೆಯುತ್ತಿರಲಿ.

ಎಂಟ್ರಿ ಫಾರಂನಲ್ಲಿ ತಂದೆಯ ಹೆಸರು, ಪೋಷಕರ ಸಹಿ ಇರುತ್ತದಲ್ಲ, ಅದನ್ನು ಹುಡುಗರ ಸಾಲಿನಲ್ಲಿ ಅವನ ಕೈಗೆ ಕೊಟ್ಟು ತುಂಬಿಸಬೇಡಿ. ಹೆಸರಿನ ಹಿಂದೆ "ದಿವಂಗತ" ಎಂದು ಮೊದಲ ಸಲ ಬರೆಯುವ ಗಳಿಗೆ ಅದು. ಶುಕ್ರವಾರ ಹೋದಾಗಲೋ ಆಮೇಲೋ ತಾಯಿಯ ಸಹಿ ಪ್ರತ್ಯೇಕವಾಗಿ ಪಡೆಯಿರಿ, ಉಳಿದದ್ದನ್ನು ಅವನ ಜೊತೆ ಕೂತು ನೀವೇ ತುಂಬಿ.

ವಾರ್ಡನ್, ಧಾರವಾಡ

ಶುಕ್ರವಾರ ತಿಥಿ ದಿನ ಫಾರಂ ತಗದು ಸಹಿ ಕೇಳಬ್ಯಾಡ್ರಿ ಸರ್, ಮೊದಲ ಹೇಳ್ಯಾರಲ್ಲ ಅಲ್ಲಿ ಕೂಟದ ಮಾತು ಬ್ಯಾಡ ಅಂತ. 12 ದಿನ ಅದ, ಆಮ್ಯಾಲೆ ಯಾರನ್ನರ ಕಳಸ್ರಿ. ಇನ್ನೊಂದು: ಹುಡುಗನ್ನ ಸೋಮವಾರ ಮುಂಜಾನೆ ನೇರ ಮೈದಾನಕ್ಕ ಬರೂ ಹಂಗ ಮಾಡಬ್ಯಾಡ್ರಿ. ಎಲ್ಲಾರೂ ಒಮ್ಮೆಲೇ ಮುಖ ನೋಡ್ತಾರ. ರವಿವಾರ ಸಂಜಿ ನಾಲ್ಕಕ್ಕ ಕರಸ್ರಿ, ಹುಡುಗ್ರು ಹೊರಗ ಹೋಗಿರ್ತಾರ, ಹಾಸ್ಟೆಲ್ ಶಾಂತ ಇರ್ತದ. ಹಾಸಿಗಿ ಮ್ಯಾಲಿನ ಹೊದಿಕಿ ಒಗಿಸಿ ಇಟ್ಟಿರ್ರಿ, ರೂಮಿನವನು ಒಬ್ಬ ಇರ್ಲಿ. ರಾತ್ರಿ ಊಟಕ್ಕ ನಾಲ್ಕು ಮಂದಿ ಸಿಗ್ತಾರ, ಮಲಗೂದ್ರಾಗ ಹತ್ತು ಮಂದಿ ಮಾತಾಡಿಸಿರ್ತಾರ. ಮುಂಜಾನೆ ಮೈದಾನ ಅಷ್ಟು ಭಾರ ಅನ್ಸೂದಿಲ್ಲ.

ಎಂಟುನೂರರ ಕೋಚ್

ಹಾಗೇ ಮಾಡುತ್ತೇನೆ. ಅವನ ಜೊತೆ ಈಗ ಮಾತಾಡಿದೆ, ಇನ್ನೊಂದು ವಾರ ಮನೆಯಲ್ಲಿರುವ ಆಯ್ಕೆಯನ್ನೂ ಹೇಳಿದೆ. ನಾಳೆ ಅಮ್ಮನ ಜೊತೆ ಮಾತಾಡಿ ಹೇಳುತ್ತಾನಂತೆ. ಬಂದರೆ ರವಿವಾರ ಸಂಜೆ ನಾಲ್ಕಕ್ಕೆ ಬಸ್ ನಿಲ್ದಾಣಕ್ಕೆ ನಾನೇ ಹೋಗುತ್ತೇನೆ. ಮಂಗಳವಾರ ಇಸಿಜಿಗೆ ಸಮಯ ಕೇಳಿದ್ದೇನೆ.